ಬಚ್ಚಲಮನೆಯ ಬಿಳಿಗಾರ

ಮೊನ್ನೆ ಧಾರವಾಡದಿಂದ ಮೇಧಾ ಫೋನ್ ಮಾಡಿದ್ದಳು. ನನ್ನ ತಮ್ಮನ ಮಗಳು. ಅಲ್ಲಿ ಚಿತ್ರಕಲೆ ಓದುತ್ತಾಳೆ. ಕೈಯಲ್ಲಿ ಮೊಬೈಲು ಇದ್ದರೂ, ಎಲ್ಲಿಂದಲೋ ರೋಲು ಹಾಕುವ ಹಳೆಯ ಕ್ಯಾಮೆರಾ ಹುಡುಕಿ ತಂದಿದ್ದಾಳೆ. ಅವಳ ಗೆಳತಿಯರೂ ಹಾಗೇ ಅಂತೆ. ಅಪ್ಪ ಇದ್ದಿದ್ದರೆ ಇದನ್ನು ಕೇಳಿ ಎಷ್ಟು ಹಿಗ್ಗುತ್ತಿದ್ದನೋ ಏನೋ.

'ಅತ್ಯಾ, ಒಂದ ರೋಲ್ ಕತ್ತಲ್ಯಾಗ ತಗದೇನಿ, ಬ್ಲ್ಯಾಕ್ ಆ್ಯಂಡ್ ವ್ಹಾಯಿಟ್. ಬೆಳಕ ಸಾಲಿಲ್ಲ. ಎರಡ ಸ್ಟಾಪ್ ಪುಶ್ ಮಾಡಬೇಕು. ಯಾವ ಡೆವಲಪರ್ ಚಲೋ? ಇಲ್ಲೆ ಒಬ್ಬೊಬ್ರು ಒಂದೊಂದ ಹೇಳ್ತಾರ.'

ಸಿಂಧು ಅತ್ಯಾ ಪಡಸಾಲೆಯಲ್ಲಿ ಕಾಲು ಚಾಚಿ ಕೂತು ಮೆಂತ್ಯೆಪಲ್ಯ ಸೋಸುತ್ತಿದ್ದಳು. ಅಪ್ಪನ ತಂಗಿ. ಎಪ್ಪತ್ತು ದಾಟಿದ್ದರೂ ಈ ವಿಷಯದಲ್ಲಿ ನಮ್ಮ ಮನೆಯ ಕೊನೆಯ ಮಾತು ಅವಳದೇ. ನಾನು ಪ್ರಶ್ನೆಯನ್ನು ಅವಳಿಗೆ ದಾಟಿಸಿದೆ. ಅವಳು ಕೈಯಲ್ಲಿದ್ದ ಕಡ್ಡಿಯ ಎಲೆಗಳನ್ನೆಲ್ಲ ಬಿಡಿಸಿ ಮುಗಿಸಿದಳು. ಆಮೇಲೆ ಹೇಳಿದಳು:

'ಮೊದಲ ನೆಳ್ಳಾಗ ಯಾರ ನಿಂತಾರ ಕೇಳು. ಆಮ್ಯಾಲ ಡೆವಲಪರ್ ಹೇಳತೇನಿ.'

'ಇದೇನ ಉತ್ತರ ಅತ್ಯಾ?' ಎಂದು ಮೇಧಾ ನಕ್ಕಳು. ಸಂಜೆ ಪುರುಸೊತ್ತಾಗಿ ಹೇಳುತ್ತೇನೆ ಎಂದೆ. ಸಂಜೆ ಹೇಳಲಾಗಲಿಲ್ಲ. ಫೋನಿನಲ್ಲಿ ಹೇಳಿ ಮುಗಿಸುವಂಥದ್ದಲ್ಲ ಅದು. ನಮ್ಮ ಬೈಲಹೊಂಗಲದ ಮನೆಯ ಬಚ್ಚಲಿನಿಂದ ಶುರು ಮಾಡಬೇಕಾಗುತ್ತದೆ.

ಆ ಮನೆಗೆ ಎರಡು ಬಚ್ಚಲುಗಳಿದ್ದವು. ಮುಂದೆ ಪಡಸಾಲೆ, ಅದರ ಹಿಂದೆ ನಡುಮನೆ, ನಡುಮನೆಯ ಬಲಕ್ಕೆ ದೇವರಮನೆ, ಅದಕ್ಕೆ ಹೊಂದಿಕೊಂಡು ಅಡುಗೆಮನೆ. ಇವನ್ನೆಲ್ಲ ದಾಟಿ ಹಿತ್ತಲ ಬಾಗಿಲ ಹತ್ತಿರ ಬಂದರೆ ಅಕ್ಕಪಕ್ಕದಲ್ಲಿ ಎರಡು ಬಚ್ಚಲು. ಒಂದು ಎಲ್ಲರದು. ಇನ್ನೊಂದು ಅಜ್ಜನದು. ಅಜ್ಜ ನಾಲ್ಕು ಊರಿನ ಪೂಜೆ, ಮುಂಜಿವೆ, ಮದುವೆ ಮಾಡಿಸುತ್ತಿದ್ದ. ಅವನ ಮಡಿಯ ಸ್ನಾನಕ್ಕೆ ಬೇರೆ ಬಚ್ಚಲು ಬೇಕಿತ್ತು. ಅಜ್ಜ ಹೋದ ಮೇಲೆ ಅಪ್ಪ ಪಂಚಾಂಗ ಹಿಡಿಯಲಿಲ್ಲ, ಕ್ಯಾಮೆರಾ ಹಿಡಿದ. ಬಜಾರಿನಲ್ಲಿ ಒಂದು ಕೋಣೆಯ ಸ್ಟುಡಿಯೋ ಮಾಡಿದ. ಅಲ್ಲಿ ನೀರಿರಲಿಲ್ಲ. ಫಿಲ್ಮು ತೊಳೆಯಲು ನೀರಿಲ್ಲದೆ ಆಗುವುದಿಲ್ಲ. ಹಾಗಾಗಿ ಒಂದು ದಿನ ಅಜ್ಜನ ಬಚ್ಚಲಿನ ಕಿಟಕಿಗೆ ಕರಿಯ ಕಂಬಳಿ ಹೊಡೆದು, ಹಂಡೆ ಇದ್ದ ಕಟ್ಟೆಯ ಮೇಲೆ ಮೂರು ಚೀನೀ ತಟ್ಟೆ ಸಾಲಾಗಿಟ್ಟು, ಕೆಂಪು ಬಲ್ಬು ತೂಗುಹಾಕಿದ. ಅಜ್ಜಿ ಎಂಟು ದಿನ ಮಗನ ಜೊತೆ ಮಾತು ಬಿಟ್ಟಳು. ಒಂಬತ್ತನೆಯ ದಿನ ಬಾಗಿಲಲ್ಲಿ ನಿಂತು ಒಳಗೆ ಇಣುಕಿ, 'ರಾಕ್ಷಸರ ದೇವರಮನಿ ಆಗೇದ' ಅಂದಳು. ಮಾತು ಮತ್ತೆ ಶುರುವಾದದ್ದು ಹೀಗೆ.

ಸಿಂಧು ಅತ್ಯಾ ಆ ಕೋಣೆಗೆ ಹೋದದ್ದು ತಟ್ಟೆ ತೊಳೆಯಲಿಕ್ಕೆ. ಮದುವೆಯಾಗಿ ವರ್ಷ ತುಂಬುವುದರೊಳಗೆ ಅವಳ ಗಂಡ ಯಾವುದೋ ಕೆಲಸ ಅಂತ ಹೋದವನು ತಿರುಗಿ ಬರಲಿಲ್ಲ. ಬದುಕಿದ್ದಾನೆ ಎಂದು ಆಗೊಮ್ಮೆ ಈಗೊಮ್ಮೆ ಯಾರಾದರೂ ಹೇಳುತ್ತಿದ್ದರು, ಅಷ್ಟೇ. ಅವಳು ಕುಂಕುಮ ಹಚ್ಚಿಕೊಂಡೇ ತವರಿಗೆ ಬಂದು ಕೂತಿದ್ದಳು. ನನಗೆ ತಿಳಿವಳಿಕೆ ಬರುವ ಹೊತ್ತಿಗೆ ಅವಳು ನಮ್ಮ ಮನೆಯ ಒಂದು ಕಂಬದ ಹಾಗೆ ಇದ್ದಳು. ಎಲ್ಲರೂ ಒರಗುತ್ತಿದ್ದರು, ಯಾರೂ ನೋಡುತ್ತಿರಲಿಲ್ಲ.

ಅಪ್ಪನಿಗೆ ಆಗ ದೊಡ್ಡ ತಲೆನೋವು ಎಂದರೆ ಹೈಪೋ. ಫಿಲ್ಮಿನ ಮೇಲೆ ಚಿತ್ರ ಎಬ್ಬಿಸುವುದು ಡೆವಲಪರ್. ಎದ್ದ ಚಿತ್ರವನ್ನು ಅಲ್ಲೇ ನಿಲ್ಲಿಸುವುದು ಹೈಪೋ. ಹೈಪೋ ಹತ್ತಿದ ಕೈ ಡೆವಲಪರಿಗೆ ತಾಗಿದರೆ ಆ ಬಾಟಲಿ ಕೆಟ್ಟಿತು. ಸ್ಟುಡಿಯೋದಲ್ಲಿ ಕೆಲಸಕ್ಕಿದ್ದ ಇಬ್ಬರು ಅದನ್ನೇ ಮಾಡಿ ಮಾಡಿ ಅಪ್ಪನ ಬೈಗುಳ ತಿಂದು ಬಿಟ್ಟು ಹೋಗಿದ್ದರು. ಅತ್ಯಾನ ಕೈಯಿಂದ ಮಾತ್ರ ಒಂದು ದಿನವೂ ಹಾಗಾಗಲಿಲ್ಲ. ಅನ್ನದ ಪಾತ್ರೆ ಮುಟ್ಟಿದ ಕೈಯನ್ನು ತೊಳೆಯದೆ ಹಾಲು ಮೊಸರು ಮುಟ್ಟಬಾರದು, ಅದು ಮುಸುರೆ. ಈ ಪಾಠ ನಮ್ಮಂಥ ಮನೆಯ ಹೆಣ್ಣುಮಕ್ಕಳಿಗೆ ಅಕ್ಷರಕ್ಕಿಂತ ಮೊದಲೇ ಕೈಗೆ ಬಂದಿರುತ್ತದೆ.

'ಅಣ್ಣಾ, ಹೈಪೋ ಅಂದ್ರ ಮುಸುರಿ, ಡೆವಲಪರ್ ಅಂದ್ರ ಹಾಲು. ಇಷ್ಟ ತಿಳಕೊಂಡ್ರ ಮುಗೀತಲ್ಲ? ಅದಕ್ಕೇನ ಮಂದೀನ್ನ ಬೈತಿ?'

ಅಪ್ಪ ಬಿದ್ದು ಬಿದ್ದು ನಕ್ಕ. ಆದರೆ ಮರುದಿನದಿಂದ ತಕ್ಕಡಿ, ಪುಡಿಗಳ ಡಬ್ಬಿ, ಕೊನೆಗೆ ಫಿಲ್ಮು ಸುತ್ತುವ ಕೆಲಸ, ಒಂದೊಂದಾಗಿ ಅವಳ ಕೈಗೆ ಬಂತು. ಅಜ್ಜಿಯೂ ಕೇಳಿಸಿಕೊಂಡಿದ್ದಳು. ಬಂದವರ ಎದುರು, 'ನಮ್ಮ ಸಿಂಧೂನ ಬಚ್ಚಲಾ ಭಾಳ ಮಡಿ' ಎಂದು ಹೇಳಿಕೊಳ್ಳತೊಡಗಿದಳು.

ಡೆವಲಪರ್ ಎರಡು ಥರದ್ದಿತ್ತು. ಎರಡನ್ನೂ ಮನೆಯಲ್ಲೇ ಕಲಸುತ್ತಿದ್ದರು, ಎರಡಕ್ಕೂ ಕಂದು ಬಾಟಲಿ. ಒಂದಕ್ಕೆ ಬೀಳುತ್ತಿದ್ದದ್ದು ಬಟ್ಟೆ ಒಗೆಯುವ ಸೋಡಾ. ಅದು ಖಡಕ್. ನಾಲ್ಕು ನಿಮಿಷದಲ್ಲಿ ಚಿತ್ರ ಎದ್ದು ನಿಲ್ಲುತ್ತಿತ್ತು, ಕರಿದು ಕರಿದಾಗಿ, ಬಿಳಿದು ಬಿಳಿದಾಗಿ. ಇನ್ನೊಂದಕ್ಕೆ ಬೀಳುತ್ತಿದ್ದದ್ದು ಬಿಳಿಗಾರ, ಪತ್ತಾರರು ಬಂಗಾರ ಬೆಸೆಯುವಾಗ ಹಾಕುವ ಬಿಳಿಯ ಪುಡಿ. ನಮಗೆ ಬಾಯಿ ಹುಣ್ಣಾದಾಗ ಅವ್ವ ಅದನ್ನೇ ಹೆಂಚಿನ ಮೇಲೆ ಅರಳಿಸಿ ಜೇನಿನಲ್ಲಿ ತೇಯ್ದು ಹಚ್ಚುತ್ತಿದ್ದಳು. ಬಿಳಿಗಾರದ ಡೆವಲಪರ್ ನಿಧಾನದ್ದು. ಆದರೆ ಸೀರೆಯ ನಿರಿಗೆ, ಕೂದಲ ಎಳೆ, ಕಣ್ಣಿನ ಕೆಳಗಿನ ನೆರಳು, ಇವನ್ನೆಲ್ಲ ಒಂದನ್ನೂ ಬಿಡದೆ ಕರೆದುಕೊಂಡು ಬರುತ್ತಿತ್ತು. ಸೋಡಾದ ಬಾಟಲಿಗೆ ಅತ್ಯಾ ಕರಿಯ ದಾರ ಕಟ್ಟಿದ್ದಳು, ಬಿಳಿಗಾರದ್ದಕ್ಕೆ ಬಿಳಿಯದು.

ನನಗೆ ಹನ್ನೊಂದು ವರ್ಷ, ತಮ್ಮ ಇನ್ನೂ ತೊಟ್ಟಿಲಲ್ಲಿದ್ದ. ಆ ಬೇಸಿಗೆಯಲ್ಲಿ ಸಿರಸಂಗಿಯಲ್ಲಿ ಮಂದಾನ ಮದುವೆಯಾಯಿತು. ಅಜ್ಜಿಯ ಕಡೆಯಿಂದ ದೂರದ ಸಂಬಂಧ. ಫೋಟೋ ಅಪ್ಪನದೇ. ಆ ಮನೆಯ ಪದ್ಧತಿ ಎಂದರೆ ಗೌರಿಹಾರಕ್ಕೆ ಗಂಡಸರು ಕಾಲಿಡುವಂತಿಲ್ಲ. ಮುಹೂರ್ತಕ್ಕೆ ಮೊದಲು ಮದುವಣಗಿತ್ತಿ ದೇವರಮನೆಯಲ್ಲಿ ಗೌರಿಯ ಮುಂದೆ ಒಬ್ಬಳೇ ಕೂತು ಅಕ್ಕಿಕಾಳು ಏರಿಸುತ್ತ ಇರುತ್ತಾಳಲ್ಲ, ಆ ಹೊತ್ತು. ಒಳಗೆ ಮುತ್ತೈದೆಯರು ಮಾತ್ರ. ಅಲ್ಲಿಯದೂ ಫೋಟೋ ಬೇಕು ಎಂದು ಮಂದಾ ಹಟ ಹಿಡಿದಿದ್ದಳು. ಅಪ್ಪ ಯೋಚಿಸಿ ಎರಡನೆಯ ಕ್ಯಾಮೆರಾ ಅತ್ಯಾನ ಕೊರಳಿಗೆ ಹಾಕಿದ. ಮದುವೆಮನೆಯಲ್ಲಿ ಒಬ್ಬ ಹೆಂಗಸು ಗೊಣಗಿದಳು, ಇವಳನ್ನು ಹೇಗೆ ಒಳಗೆ ಬಿಡುವುದು ಅಂತ. ನಮ್ಮ ಅಜ್ಜಿ ಬಿಟ್ಟಾಳೆಯೇ!

'ಯಾಕವ್ವಾ, ಆಕೀ ಗಂಡ ಇದ್ದಾನ. ಎಲ್ಲಿದ್ದಾನ ಗೊತ್ತಿಲ್ಲ, ಆ ಮಾತ ಬ್ಯಾರೆ. ಮುತ್ತೈದಿ ಹೌದೋ ಅಲ್ಲೋ?'

ಆ ತಲೆಮರೆಸಿಕೊಂಡ ಗಂಡ ಅತ್ಯಾನಿಗೆ ಉಪಯೋಗಕ್ಕೆ ಬಂದದ್ದು ಅದೊಂದೇ ಸಲ.

ಅಷ್ಟು ವಾದಿಸಿದ ಅಜ್ಜಿಯೇ ಹೊಸ್ತಿಲಲ್ಲಿ ಅಡ್ಡ ನಿಂತಳು. ಚರ್ಮದ ಚೀಲ ಹೊರಗಿಡಬೇಕು. ಕ್ಯಾಮೆರಾ, ಅದರ ನೆತ್ತಿಯ ಮೇಲಿನ ಫ್ಲ್ಯಾಶು, ಎಲ್ಲರ ಕೈ ತಾಗಿ ಬಂದದ್ದು. ಶುದ್ಧ ಮಾಡಿಯೇ ಒಳಗೆ ಒಯ್ಯಬೇಕು. 'ಅಮ್ಮಾ, ಬ್ಯಾಡ, ನೀರ ತಾಗಿದ್ರ' ಎಂದು ಅತ್ಯಾ ಅನ್ನುವಷ್ಟರಲ್ಲಿ ಅಜ್ಜಿ ಪಂಚಪಾತ್ರೆಯಿಂದ ಒಂದು ಉದ್ಧರಣೆ ನೀರು ಚಿಮುಕಿಸಿದಳು. ಸಾಲಲಿಲ್ಲ ಅನ್ನಿಸಿತೋ ಏನೋ, ಇನ್ನೆರಡು ಹಾಕಿದಳು. ಫ್ಲ್ಯಾಶು 'ಚುರ್' ಅಂದಿತು. ಸುಟ್ಟ ಎಣ್ಣೆಯಂಥ ವಾಸನೆ ಬಂತು. ಮತ್ತೆ ಅದು ಬೆಳಗಲಿಲ್ಲ.

ನಾನು ಅತ್ಯಾನ ಸೆರಗು ಹಿಡಿದು ಒಳಗೆ ಹೋಗಿದ್ದೆ. ಎರಡು ಎಣ್ಣೆದೀಪದ ಸಮೆ, ಮೇಲಿನ ಬೆಳಕಿಂಡಿಯಿಂದ ಬಿದ್ದ ಅಂಗೈಯಗಲ ಬಿಸಿಲು, ಅಷ್ಟೇ ಬೆಳಕು. ಅಪ್ಪ ಮಂಟಪದಲ್ಲಿದ್ದ, ಕರೆದು ಕೇಳಲು ಹೊತ್ತಿರಲಿಲ್ಲ. ಅತ್ಯಾ ಬಗ್ಗಿದಾಗ ಮಂದಾ ತಲೆ ಎತ್ತದೆ ಪಿಸುಗುಟ್ಟಿದಳು:

'ಸಿಂಧಕ್ಕಾ, ಹಿಂದ ಬಾಗಿಲ ಸಂದ್ಯಾಗ ನಮ್ಮವ್ವ ನಿಂತಾಳ. ಒಳಗ ಬರೂಹಂಗಿಲ್ಲಂತ ಆಕಿ. ನನ್ನ ಜೋಡಿ ಆಕಿನೂ ಫೋಟೋದಾಗ ಬರ್ಲಿ. ಯಾರ ಮುಂದನೂ ಅನಬ್ಯಾಡ್ರಿ.'

ಮಂದಾನ ತಂದೆ ತೀರಿ ಮೂರು ವರ್ಷವಾಗಿತ್ತು. ತಾಯಿಗೆ ಮಗಳ ಗೌರಿಹಾರ ನೋಡುವ ಅಧಿಕಾರವಿರಲಿಲ್ಲ. ನಾನು ತಿರುಗಿ ನೋಡಿದೆ. ಅಡುಗೆಮನೆಯ ಬಾಗಿಲು ಅರ್ಧ ತೆರೆದಿತ್ತು. ಕತ್ತಲಲ್ಲಿ ಕತ್ತಲಿನ ಬಣ್ಣದ ಸೀರೆ. ಒಂದು ಕೈ ಮಾತ್ರ ಬಾಗಿಲ ಚೌಕಟ್ಟನ್ನು ಹಿಡಿದಿತ್ತು. ಅತ್ಯಾ ಎರಡು ಹೆಜ್ಜೆ ಎಡಕ್ಕೆ ಸರಿದು, ಕಂಬಕ್ಕೆ ಭುಜ ಆನಿಸಿ, ಲೆನ್ಸಿನ ಬಾಯಿ ಪೂರಾ ತೆರೆದು, ಉಸಿರು ಬಿಗಿಹಿಡಿದು, ಹನ್ನೆರಡು ಸಲ ಒತ್ತಿದಳು.

ಮನೆಗೆ ಬಂದ ಮೇಲೆ ಅಪ್ಪ ಎಲ್ಲವನ್ನೂ ಕೇಳಿಕೊಂಡು ಲೆಕ್ಕ ಹಾಕಿದ. ಭಕ್ರಿ ಝುಣಕದ ಮುಂದೆ ಕೂತವನು ಕೈ ತುತ್ತಿನಲ್ಲೇ ನಿಲ್ಲಿಸಿ ಹೇಳಿದ:

'ಎರಡ ಸ್ಟಾಪ್ ಕಡಿಮಿ ಆಗೇದ ಸಿಂಧು. ಅಂದ್ರ ನಾಕ ಮಂದಿ ಉಣ್ಣೂವಲ್ಲೆ ಒಬ್ಬರಿಗೆ ಸಾಲೂವಷ್ಟ ಬೆಳಕು. ಫಿಲ್ಮು ದಬ್ಬಬೇಕು.'

ದಬ್ಬುವುದು ಎಂದರೆ, ಬೆಳಕು ಸಾಲದ ಫಿಲ್ಮನ್ನು ಡೆವಲಪರಿನಲ್ಲಿ ಹೆಚ್ಚು ಹೊತ್ತು ಇಟ್ಟು, ಒಳಗಿದ್ದಷ್ಟು ಚಿತ್ರವನ್ನು ಹಿಂದಿನಿಂದ ದಬ್ಬಿ ಹೊರಗೆ ತರುವುದು. ಮೇಧಾನ 'ಪುಶ್' ಅದೇ. ಯಾವುದರಲ್ಲಿ ದಬ್ಬುವುದು ಎನ್ನುವುದರ ಮೇಲೆ ಆ ಮಧ್ಯಾಹ್ನ ಅಣ್ಣ ತಂಗಿಯರ ನಡುವೆ ಎದ್ದ ಜಗಳದಂಥದ್ದು ನಮ್ಮ ಮನೆಯಲ್ಲಿ ಆಸ್ತಿಗೂ ಎದ್ದಿಲ್ಲ.

'ಸೋಡಾದ್ದ ಹಾಕತೇನಿ. ಖಡಕ್ ಅದ, ಮಂದಾನ ಮಾರಿ ಬರ್ತದ. ಮಾರಿ ಬಂದ್ರ ಸಾಕು.'

'ಸಮೀ ಬೆಳಕಿನ್ಯಾಗ ಆಕಿ ಮಾರಿ ಮೊದಲ ಬೆಳ್ಳಗದ ಅಣ್ಣಾ. ಸೋಡಾ ಹಾಕಿದ್ರ ಸುಣ್ಣ ಹೊಡದಂಗ ಆಗ್ತದ. ಹಿಂದಿಂದು ಏನೂ ಬರೂದುಲ್ಲ.'

'ಹಿಂದ ಏನ ಅದ ಬರ್ಲಿಕ್ಕೆ? ಬಾಗಿಲಾ, ಗ್ವಾಡಿ!'

ಅತ್ಯಾ ಬಡಿಸುತ್ತಿದ್ದ ಸೌಟು ಕೆಳಗಿಟ್ಟಳು. ಯಾರ ಮುಂದೂ ಅನ್ನಬೇಡ ಎಂದಿದ್ದಳು ಮಂದಾ. ಆದರೆ ಹೇಳದೆ ಗತಿಯಿರಲಿಲ್ಲ. ಹೇಳಿದಳು. ಅಜ್ಜಿ ಗೋಡೆಗೆ ಮುಖ ಮಾಡಿ ಬತ್ತಿ ಹೊಸೆಯುತ್ತಿದ್ದಳು. ಹೊಸೆಯುವ ಕೈ ನಿಂತಿತು, ಆದರೆ ಅವಳು ತಿರುಗಲಿಲ್ಲ.

'ಅಕಿ ತಾಯೀನ್ನ ತರ್ಲಿಕ್ಕೆ ಹೋಗಿ ಅಕೀನೂ ಕಳಕೊಂಡ್ರ?' ಅಪ್ಪನ ದನಿ ಈಗ ತಗ್ಗಿತ್ತು. 'ನೋಡ ಸಿಂಧು, ಖರೇ ಹೇಳತೇನಿ. ಈ ರೋಲ್ ಹ್ವಾತಂದ್ರ ನಾ ಮತ್ತ ನಿನ್ನ ಕ್ಯಾಮೆರಾ ಕೊಟ್ಟ ಹೊರಗ ಕಳಸೂದಾಗೂದುಲ್ಲ. ಮಂದಿ ನನಗ ಅಂತಾರ, ತಂಗೀ ಕೈಯಾಗ ಮದಿವಿ ಕೊಟ್ಟ ಕೆಡಸಿದ ಅಂತ.'

'ಗೊತ್ತದ. ಅದಕ್ಕ ಅಂತೇನಿ. ಬ್ಯಾಳಿ ಲಗೂ ಕುದೀಲಿ ಅಂತ ಸೋಡಾ ಹಾಕಿದ್ರ ಕುದೀತಾವ, ಹೌದು. ಆದ್ರ ಎಲ್ಲಾ ಕರಗಿ ಗಂಜಿ ಆಗ್ತದ. ಸಣ್ಣ ಉರೀ ಮ್ಯಾಲ ಇಟ್ಟವರಿಗೇ ಕಾಳ ಕಾಳ ಸಿಗೂದು.'

ಅಪ್ಪ ಹಟಮಾರಿಯಾದರೂ ಕುರುಡನಲ್ಲ. ಕೈತೊಳೆದು ಬಂದು, 'ಹಂಗಾದ್ರ ಮಾತ ಬ್ಯಾಡ. ಮಾಡಿ ನೋಡೂಣು' ಅಂದ.

ಮರುದಿನ ಬೆಳಿಗ್ಗೆ ಹತ್ತರ ಸುಮಾರಿಗೆ ನಮ್ಮ ದೇವರಮನೆ ಸಿರಸಂಗಿಯ ದೇವರಮನೆಯಾಯಿತು. ಅದೇ ಡಬ್ಬಿಯ ಇನ್ನೊಂದು ರೋಲು. ಅದೇ ಅಳತೆಯ ಸಮೆಗಳು. ಬೆಳಕಿಂಡಿಗೆ ಅಪ್ಪ ಏಣಿ ಹತ್ತಿ ರಟ್ಟು ಅಡ್ಡ ಇಟ್ಟ. ನನ್ನನ್ನು ಅವ್ವನ ಹಳದಿ ಪತ್ತಲದಲ್ಲಿ ಸುತ್ತಿ ಮದುವಣಗಿತ್ತಿ ಮಾಡಿ ಕೂರಿಸಿದರು. ಮಂದಾನ ತಾಯಿಯ ಪಾತ್ರಕ್ಕೆ ಅವ್ವ. 'ನೀವ ಎಲ್ಲಿ ನಿಂದ್ರಂತೀರಿ ಅಲ್ಲಿ ನಿಂದ್ರತೇನಿ, ಒಲಿ ಮ್ಯಾಲ ಹಾಲ ಇಟ್ಟೇನಿ, ಲಗೂ ತಗೀರಿ' ಎನ್ನುತ್ತ ಕಡುನೀಲಿ ಸೀರೆಯುಟ್ಟು ಅಡುಗೆಮನೆಯ ಬಾಗಿಲ ಸಂದಿನಲ್ಲಿ ನಿಂತಳು. 'ವೈನೀ, ಕೈ ಚೌಕಟ್ಟಿನ ಮ್ಯಾಲ ಇಡು' ಎಂದಳು ಅತ್ಯಾ. ಅಜ್ಜಿ ಮಾತ್ರ ಸುಮ್ಮನಿರಲಿಲ್ಲ:

'ಲಗ್ನ ಇಲ್ಲ ಏನಿಲ್ಲ, ಕೂಸಿನ್ನ ಗೌರಿ ಮುಂದ ಕುಂಡ್ರಿಸಿ ಆಟಾ ಹೂಡ್ಯಾರ. ಗೌರವ್ವಾ, ಇದನ್ನ ಹಿಡೀಬ್ಯಾಡ ತಾಯಿ.'

ಬಚ್ಚಲ ಬಾಗಿಲು ಹಾಕಿ, ಸಂದಿಗೆ ಗೋಣಿತಟ್ಟು ತುರುಕಿ, ಹಗಲಿನಲ್ಲೇ ಗವ್ವೆನ್ನುವ ಕತ್ತಲು ಮಾಡಿಕೊಂಡು ಅತ್ಯಾ ಆ ರೋಲನ್ನು ಕೈಯಂದಾಜಿನಲ್ಲೇ ಮೂರು ತುಂಡು ಮಾಡಿದಳು. ಮೊದಲನೆಯದು ಸೋಡಾಕ್ಕೆ. ಒಣಗಿದ ಮೇಲೆ ಅಪ್ಪ ಒಂದು ಪ್ರಿಂಟು ತೆಗೆದ. ನನ್ನ ಮುಖ ಸುಣ್ಣದ ಗೋಡೆ, ಮೂಗೇ ಇರಲಿಲ್ಲ. ಹಿಂದೆ ಡಾಂಬರಿನಂಥ ಕತ್ತಲು. ಎರಡನೆಯದು ಬಿಳಿಗಾರಕ್ಕೆ, ದಿನನಿತ್ಯದ ಹೊತ್ತಿನಷ್ಟು. ಬರೀ ಮಬ್ಬು, ಯಾರೋ ಕನ್ನಡಿಯ ಮೇಲೆ ಉಸಿರು ಬಿಟ್ಟ ಹಾಗೆ. 'ನೋಡಿದ್ಯಾ?' ಎಂದ ಅಪ್ಪ. 'ಇನ್ನೊಂದ ತುಂಡ ಅದಲ್ಲ' ಎಂದಳು ಅತ್ಯಾ. ಮೂರನೆಯದನ್ನು ಬಿಳಿಗಾರದಲ್ಲೇ ಹೆಚ್ಚುಕಡಿಮೆ ಇಮ್ಮಡಿ ಹೊತ್ತು ಇಟ್ಟಳು. ಕೆಂಪು ಬೆಳಕಿನಲ್ಲಿ ಅದರ ಪ್ರಿಂಟು ತಟ್ಟೆಯ ನೀರಿನಡಿ ನಿಧಾನಕ್ಕೆ ಎದ್ದಿತು. ಮೊದಲು ಸಮೆ. ಆಮೇಲೆ ನನ್ನ ಮುಖ, ಮೂಗಿನ ಸಮೇತ. ಬಹಳ ಹೊತ್ತಾದ ಮೇಲೆ ಹಿಂದಿನ ಕತ್ತಲಿನಿಂದ ನಾಲ್ಕು ಬೆರಳು, ಬಳೆ, ಕೊನೆಗೆ ಅವ್ವನ ಹಣೆ.

'ಅಯ್ಯ, ನಾ ಬಂದೇನಲ್ಲ!' ಎಂದಳು ಅವ್ವ, ಬೇರೆ ಊರಿನಿಂದ ತಾನೇ ಬಂದಿಳಿದವಳ ಹಾಗೆ.

ಆದರೆ ಅಪ್ಪನ ಕಣ್ಣು ಬೇರೆ ಕಡೆ ಇತ್ತು. ಚಿತ್ರದ ಮೇಲೆಲ್ಲ ದಪ್ಪ ದಪ್ಪ ಕಾಳು ಎದ್ದಿದ್ದವು. ಫಿಲ್ಮಿನ ಅಂಚು ಒಂದು ಕಡೆ ಸೀರೆಯ ನಿರಿಗೆಯಂತೆ ಸುಕ್ಕಾಗಿತ್ತು. ಬೇಸಿಗೆಯ ನೀರು, ಟಾಕಿಯಿಂದ ಬಂದರೆ ಕೈಗೇ ಬೆಚ್ಚಗೆ ತಾಗುತ್ತಿತ್ತು. ಬಿಸಿ ನೀರಿನಲ್ಲಿ ಅಷ್ಟು ಹೊತ್ತು ಇಟ್ಟರೆ ಫಿಲ್ಮಿನ ಮೇಲಿನ ಪೊರೆ ಮೆತ್ತಗಾಗಿ ಏಳುತ್ತದೆ.

'ಬಿಳಿಗಾರನ ಖರೆ, ನಾ ಸೋತೆ' ಎಂದ ಅಪ್ಪ. 'ಆದ್ರ ನೀರ ತಂಪಿರಬೇಕು, ಕಡೀತನಾ ಒಂದ ಸಮ ತಂಪಿರಬೇಕು. ಒಂದ ಬಕೇಟ ಅಂಥಾ ನೀರ ಈಗ ಎಲ್ಲಿಂದ ತರೂದು? ಬರ್ಫ ಹಾಕಿದ್ರ ಒಮ್ಮೆ ಥಂಡ, ಒಮ್ಮೆ ಬಿಸಿ, ಅದೂ ಆಗೂದುಲ್ಲ.'

ಅಂಥ ನೀರು ಮನೆಯಲ್ಲಿ ಇತ್ತು. ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿ ಬಿಡಲಿಲ್ಲ. ದೇವರಮನೆಯ ಮೂಲೆಯಲ್ಲಿ ಮರಳಿನ ಮೇಲೆ ಕೂತಿದ್ದ ಅಜ್ಜಿಯ ಮಡಿಯ ಹರವಿ. ಹೊಟ್ಟೆಗೆ ಸದಾ ಒದ್ದೆ ಪಾವುಡ ಸುತ್ತಿದ ದೊಡ್ಡ ಮಣ್ಣಿನ ಹರವಿ. ಬೆಳಿಗ್ಗೆ ನಸುಕಿನಲ್ಲಿ ಒದ್ದೆ ಸೀರೆಯಲ್ಲಿ ಬಾವಿಯಿಂದ ಅಜ್ಜಿ ತಾನೇ ಸೇದಿ ತುಂಬುತ್ತಿದ್ದಳು. ಅದು ದೇವರಿಗೆ, ಮತ್ತು ಅವಳಿಗೆ. ಒಮ್ಮೆ ನಾನು ಆಡುತ್ತ ಆಡುತ್ತ ಅದಕ್ಕೆ ಬೆರಳು ತಾಗಿಸಿದ್ದಕ್ಕೆ ಅಷ್ಟೂ ನೀರು ತುಳಸಿಗೆ ಹೋಗಿ, ಅಜ್ಜಿ ಮಧ್ಯಾಹ್ನದವರೆಗೆ ಉಪವಾಸ ಕೂತಿದ್ದಳು.

ಅಪ್ಪ ಊಟ ಮಾಡಿ ಸ್ಟುಡಿಯೋಕ್ಕೆ ಹೋದ. ಅತ್ಯಾ ಬಚ್ಚಲ ಹೊಸ್ತಿಲ ಮೇಲೆ ಕೂತಳು, ಮಂದಾನ ರೋಲಿನ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು. ಕೇಳುವುದಿಲ್ಲ ಎಂದು ತೀರ್ಮಾನಿಸಿದವಳ ಹಾಗೆ ಕೂತಿದ್ದಳು. ಅಷ್ಟರಲ್ಲಿ ಅಜ್ಜಿ ಬಂದಳು. ಎರಡು ಕೈಯಲ್ಲಿ ತಬ್ಬಿಕೊಂಡು ಹರವಿಯನ್ನೇ ಎತ್ತಿ ತಂದಿದ್ದಳು. ಸೀರೆಯ ಮುಂಭಾಗವೆಲ್ಲ ಒದ್ದೆ. ಅದನ್ನು ಹೊಸ್ತಿಲ ಹೊರಗೆ ಇಳಿಸಿ ಸೊಂಟ ನೆಟ್ಟಗೆ ಮಾಡಿಕೊಂಡಳು.

'ಅಮ್ಮಾ! ನಿನಗ ನೀರು?'

'ನನಗ ನಾಳಿಗೆ ಬಾವಿ ಅದ. ಆ ಹುಡಿಗೀಗೆ ನಾಳಿಗೆ ಗೌರಿಹಾರ ಇರ್ತದೇನು?' ಸೆರಗಿನಿಂದ ಕೈ ಒರೆಸಿಕೊಳ್ಳುತ್ತ, ಯಾರ ಮುಖವನ್ನೂ ನೋಡದೆ, 'ನೀರಿನಿಂದ ಕೆಟ್ಟಿದ್ದು, ನೀರಿನಿಂದನ ಸುದ್ದ ಆಗ್ಲಿ' ಎಂದಳು. ಫ್ಲ್ಯಾಶಿನ ಬಗ್ಗೆ ಅಜ್ಜಿ ಒಪ್ಪಿಕೊಂಡದ್ದು ಅಷ್ಟೇ. ಅದಕ್ಕಿಂತ ಹೆಚ್ಚು ಅವಳಿಂದ ಯಾರೂ ಕೇಳಲೂ ಇಲ್ಲ.

ಅಪ್ಪನನ್ನು ಕರೆಯಲಾ ಎಂದೆ. ಬೇಡ ಎಂದಳು ಅತ್ಯಾ. ಬಿಳಿಗಾರದ ಬಾಟಲಿಯನ್ನು ಹರವಿಯ ನೀರಿನಲ್ಲಿ ಇಳಿಬಿಟ್ಟು ತಂಪಾಗಲು ಕಾದಳು. ಉಷ್ಣಮಾಪಕ ನೋಡಿದಳು. ತಂಪಾದ ಮೇಲೆ ಹೊತ್ತು ಇನ್ನೂ ಹೆಚ್ಚಬೇಕು. ಎಷ್ಟು? ಅಷ್ಟು ದಬ್ಬಿದ್ದಕ್ಕೆ, ಅಷ್ಟು ತಂಪಿಗೆ, ಅಪ್ಪನ ಪುಸ್ತಕದಲ್ಲಿ ಲೆಕ್ಕ ಇರಲಿಲ್ಲ. ಅವಳು ಬೆರಳು ಮಡಿಚಿ ಮಡಿಚಿ, 'ಹದಿನಾರ ನಿಮಿಷ' ಎಂದಳು. ಬಾಗಿಲು ಹಾಕಿಕೊಂಡು ಕತ್ತಲಲ್ಲಿ ಫಿಲ್ಮನ್ನು ಬೆಳಕು ಹೋಗದ ಮುಚ್ಚಳದ ಡಬ್ಬಿಯೊಳಗೆ ಸುತ್ತಿಟ್ಟು, ಮತ್ತೆ ಬಾಗಿಲು ತೆರೆದಳು. ಬಿಳಿಗಾರ ಸುರಿದ ಮೇಲೆ ಅರ್ಧ ನಿಮಿಷಕ್ಕೊಮ್ಮೆ ಆ ಡಬ್ಬಿ ತಿರುವಬೇಕು, ಒಟ್ಟು ಮೂವತ್ತೆರಡು ಸಲ. ಎಣಿಕೆ ತಪ್ಪಬಾರದು. ಅಜ್ಜಿ ಹೊಸ್ತಿಲ ಹೊರಗೆ ಮಣೆ ಹಾಕಿಕೊಂಡು ಜಪಮಣಿ ತೆಗೆದಳು.

'ನೀ ಒಂದ ಸಲ ತಿರುವಿ ಹೂಂ ಅನ್ನು. ನಾ ಒಂದ ಮಣಿ ಬಿಡತೇನಿ. ಈ ಕೂಸು ಗಡಿಯಾರ ನೋಡ್ಲಿ.'

ಒಳಗೆ ಅತ್ಯಾ, ಹೊಸ್ತಿಲಾಚೆ ಅಜ್ಜಿ, ನಡುವೆ ಗಡಿಯಾರ ಹಿಡಿದ ನಾನು. ಅತ್ಯಾ ಡಬ್ಬಿಯನ್ನು ಮಜ್ಜಿಗೆ ಕಡೆದ ಹಾಗೆ ಅಲ್ಲಾಡಿಸಲಿಲ್ಲ, ನನ್ನ ತಮ್ಮನ ತೊಟ್ಟಿಲು ತೂಗುವ ಹಾಗೆ ಒಮ್ಮೆ ಆಚೆ ಒಮ್ಮೆ ಈಚೆ ಮಾಡಿ ಇಡುತ್ತಿದ್ದಳು. 'ಹೂಂ.' ಒಂದು ಮಣಿ. 'ಹೂಂ.' ಇನ್ನೊಂದು. ಹತ್ತೊಂಬತ್ತರಲ್ಲಿ ತಮ್ಮ ಎದ್ದು ಅತ್ತ. ಅಡುಗೆಮನೆಯಿಂದ ಅವ್ವ ಓಡಿಬಂದು ಎತ್ತಿಕೊಂಡಳು. ನಮ್ಮಲ್ಲಿ ಯಾರೂ ಅಲುಗಲಿಲ್ಲ. ಮೂವತ್ತೆರಡನೆಯ ಮಣಿ ಬಿಟ್ಟು ಅಜ್ಜಿ, 'ಇನ್ನ ಮುಸುರಿ ಹಾಕು' ಎಂದಳು. ಹೈಪೋ ಅನ್ನುವುದನ್ನು ಅವಳು ಕೊನೆಯವರೆಗೂ ಕಲಿಯಲಿಲ್ಲ.

ತೊಳೆದ ರೋಲನ್ನು ಅತ್ಯಾ ಹಿತ್ತಲ ಬಾಗಿಲ ಬೆಳಕಿಗೆ ಹಿಡಿದಳು. ನೆಗೆಟಿವಿನಲ್ಲಿ ಎಲ್ಲ ತಿರುವುಮುರುವು: ಸಮೆಯ ಬೆಳಕು ಕರಿ ಚುಕ್ಕೆ, ಮಂದಾನ ಮುಖ ಕಪ್ಪು. ನಾವು ನೋಡಿದ್ದು ಅದನ್ನಲ್ಲ. ಬಾಗಿಲ ಚೌಕಟ್ಟಿನ ಪಕ್ಕ, ಬರೀ ಕತ್ತಲಾಗಿದ್ದರೆ ಗಾಜಿನಂತೆ ತಿಳಿಯಾಗಿರಬೇಕಿದ್ದ ಜಾಗದಲ್ಲಿ ತೆಳ್ಳಗೆ, ಹೊಗೆ ಆಡಿದಂತೆ, ಏನೋ ಇತ್ತು. ಹನ್ನೆರಡರಲ್ಲಿ ಮೂರು ಅಲುಗಿ ಹೋಗಿದ್ದವು. ಒಂಬತ್ತರಲ್ಲಿ ಆ ಹೊಗೆ ಇತ್ತು. ಅತ್ಯಾ ಕ್ಲಿಪ್ಪು ಹಾಕಿ ರೋಲನ್ನು ತೂಗುಬಿಟ್ಟು ಅಲ್ಲೇ ಕಟ್ಟೆಯ ಮೇಲೆ ಕೂತಳು. ಅಳುತ್ತಾಳೆ ಅಂದುಕೊಂಡೆ. ಅವಳು ನನ್ನ ಕಡೆ ತಿರುಗಿ ಹೇಳಿದ್ದು:

'ಪದ್ದೀ, ಒಂದ ವಾಟಗ ಚಹಾ ತಾ. ಸಕ್ಕರಿ ಜರಾ ಮುಂದ ಇರ್ಲಿ.'

ಅಪ್ಪ ಬಂದು ನೋಡಿ ಪ್ರಿಂಟಿಗೆ ಕೂತ. ಒಂಬತ್ತರಲ್ಲಿ ಒಳ್ಳೆಯದನ್ನು ಆರಿಸಿ ದೊಡ್ಡ ಅಳತೆಯಲ್ಲಿ ತೆಗೆದ. ಆಲ್ಬಮ್ಮಿಗೆ ಹಚ್ಚುವಾಗ ಮಾತ್ರ ತಡೆದ. ಮನೆಯ ಹಿರಿಯರು ನೋಡುತ್ತಾರೆ, ಮಾತು ಬರುತ್ತದೆ, ಯಾಕೆ ಬೇಕು. ಕೊನೆಗೆ ಆಲ್ಬಮ್ಮಿಗೆ ಮಂದಾ ಒಬ್ಬಳೇ ಇರುವ ಹಾಗೆ ಕತ್ತರಿಸಿದ ಪ್ರಿಂಟು ಹೋಯಿತು. ಪೂರ್ತಿ ಚಿತ್ರ ಒಂದು ಕಂದು ಲಕೋಟೆಯಲ್ಲಿ ಅತ್ಯಾನ ಟ್ರಂಕಿನಲ್ಲಿ ಉಳಿಯಿತು. ಅವಳು ಮಾತು ಕೊಟ್ಟಿರಲಿಲ್ಲ ನಿಜ. ಆದರೂ ಅದನ್ನು ಹೇಗೆ ಮುಟ್ಟಿಸುವುದು ಎಂದು ಯೋಚಿಸುತ್ತಿದ್ದಳು. ಮಂದಾ ಆಗಲೇ ರಾಮದುರ್ಗಕ್ಕೆ, ಗಂಡನ ಮನೆಗೆ ಹೋಗಿಯಾಗಿತ್ತು.

ಹದಿನೈದು ದಿನಕ್ಕೆ ಆಲ್ಬಮ್ ಒಯ್ಯಲು ಬಂದವಳು ಮಂದಾನ ತಾಯಿಯೇ. ಬಸ್ಸಿಳಿದು ನೇರ ಮನೆಗೆ ಬಂದಳು. ಅಜ್ಜಿ ಅವಳನ್ನು ಪಡಸಾಲೆಯಲ್ಲಿ ಕೂರಿಸಲಿಲ್ಲ. ಕೈ ಹಿಡಿದು ನಡುಮನೆಗೆ, ದೇವರಮನೆಯ ಎದುರಿಗೇ ಚಾಪೆ ಹಾಸಿ ಕೂರಿಸಿದಳು. ಅವ್ವ ಗೋಧಿ ಬೆಲ್ಲದ ಮಾದಲಿ, ಹಾಲು ತಂದಿಟ್ಟಳು. ಆಲ್ಬಮ್ಮಿನ ಪುಟಗಳನ್ನು ಆಕೆ ಒಂದೊಂದಾಗಿ ತಿರುವಿದಳು, ಬೆರಳು ಫೋಟೋಕ್ಕೆ ತಾಗದ ಹಾಗೆ, ಅಂಚು ಹಿಡಿದು. ಆಮೇಲೆ ಅತ್ಯಾ ಕಂದು ಲಕೋಟೆ ತಂದು ಆಕೆಯ ಮುಂದೆ ಇಟ್ಟಳು.

'ಇದು ನಿಮ್ಮ ಮಗಳು ಬೇಡಿದ್ದು.'

ಸಮೆಯ ಬೆಳಕಿನಲ್ಲಿ ಮಂದಾ ಅಕ್ಕಿ ಏರಿಸುತ್ತಿದ್ದಾಳೆ. ಅವಳ ಹಿಂದೆ, ತೆರೆದ ಬಾಗಿಲಲ್ಲಿ, ಮಸುಕಾಗಿ ಆದರೆ ತಪ್ಪದೆ, ತಾಯಿ. ಚೌಕಟ್ಟಿನ ಮೇಲಿನ ಕೈ, ಬಗ್ಗಿದ ಕೊರಳು, ಮಗಳ ನೆತ್ತಿಯ ಮೇಲೆ ನೆಟ್ಟ ಕಣ್ಣು. ಆಕೆ ಬಹಳ ಹೊತ್ತು ನೋಡಿದಳು. ನಾನು ಬಾಗಿಲಿನ ಈಚೆ ನಿಂತು ಆಕೆಯನ್ನೇ ನೋಡುತ್ತಿದ್ದೆ.

'ನಾ ಭಾಳ ದೂರ ನಿಂತಿದ್ದೆ ಅಂದಕೊಂಡಿದ್ದೆ' ಎಂದಳು. ಬೆರಳಿನಿಂದ ಚಿತ್ರದಲ್ಲಿ ತನ್ನ ಕೈಗೂ ಮಗಳ ಹೆಗಲಿಗೂ ನಡುವಿನ ಜಾಗ ಅಳೆದಳು. ಒಂದು ಗೇಣೂ ಇರಲಿಲ್ಲ. 'ಇಷ್ಟ ಹತ್ರ ಇದ್ದೇನ್ರಿ ನಾನು?'

'ಇಷ್ಟ ಹತ್ರ ಇದ್ರಿ' ಎಂದಳು ಅತ್ಯಾ.

ಆಕೆ ಲಕೋಟೆಯನ್ನು ಸೀರೆಯ ಒಳಮಡಿಕೆಯಲ್ಲಿಟ್ಟುಕೊಂಡು, ಮಾದಲಿಯನ್ನು ಒಂದು ಚೂರೂ ಬಿಡದೆ ತಿಂದು, ಮಧ್ಯಾಹ್ನದ ಬಸ್ಸಿಗೆ ಹೋದಳು.

ಎಂಟು ದಿನ ಕಳೆದಿರಬೇಕು. ಸವದತ್ತಿಯಲ್ಲಿ ಒಂದು ಮದುವೆ ಇತ್ತು. ಅಪ್ಪ ರಿಪೇರಿ ಮಾಡಿಸಿ ತಂದ ಫ್ಲ್ಯಾಶನ್ನು ಎರಡು ಸಲ ಬೆಳಗಿಸಿ ನೋಡಿ, ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ಪಡಸಾಲೆಯ ಗೂಟಕ್ಕೆ ಸಿಗಿಸಿದ. ಎಂದಿನ ಹಾಗೆ ತನ್ನ ಗೂಟಕ್ಕಲ್ಲ. ಅತ್ಯಾನ ಕೊಡೆ ತೂಗುವ ಗೂಟಕ್ಕೆ. ಅತ್ಯಾ ಸೀರೆಯುಟ್ಟು ಬಂದು ನೋಡಿ, ಕೊಡೆ ತೆಗೆದುಕೊಂಡಳು, ಚೀಲವನ್ನೂ ತೆಗೆದುಕೊಂಡಳು. ಮೆಟ್ಟಿಲಿಳಿಯುವಷ್ಟರಲ್ಲಿ ಒಳಗಿನಿಂದ ಅಜ್ಜಿಯ ದನಿ ಬಂತು, 'ನಿಂದ್ರು!' ಎಂದು.

ಅಜ್ಜಿ ಪಂಚಪಾತ್ರೆ ಹಿಡಿದು ಬಂದಳು. ಅಪ್ಪ ಹಣೆ ಹಿಡಿದುಕೊಂಡ. ಅಜ್ಜಿ ಅವನ ಕಡೆ ನೋಡಲಿಲ್ಲ. ಸೊಂಟದಿಂದ ಒಂದು ಪ್ಲ್ಯಾಸ್ಟಿಕ್ ಚೀಲ ತೆಗೆದಳು, ಬೇಳೆ ತಂದದ್ದು, ತೊಳೆದು ಒಣಗಿಸಿ ಮಡಿಚಿಟ್ಟದ್ದು. ಫ್ಲ್ಯಾಶನ್ನು ಹೊರಗೆ ತೆಗೆಸಿ, ಅದರ ತಲೆಯಿಂದ ಬುಡದವರೆಗೆ ಆ ಚೀಲ ತೊಡಿಸಿ, ಬಾಯಿಗೆ ಬಿಳಿಯ ದಾರ ಸುತ್ತಿ ಗಂಟು ಹಾಕಿದಳು. ಗಂಟು ಎಳೆದು ನೋಡಿದಳು. ಆಮೇಲೆ ಉದ್ಧರಣೆ ತುಂಬಿಕೊಂಡು, ಇದ್ದಷ್ಟೂ ಮಡಿನೀರು ಧಾರಾಳವಾಗಿ ಚಿಮುಕಿಸಿ ಹೇಳಿದಳು:

'ಈಗ ಹೋಗಿ ಬಾ.'